ನಾಲ್ಕು ದಿನದ ತೆರಿಗೆ

ತೆರಿಗೆ ಕಚೇರಿಯ ಅಧಿಕಾರಿಣಿ ನನ್ನನ್ನು ಕಂಡೊಡನೆ ಎದ್ದು ನಿಂತು ಸೊಂಟ ಬಾಗಿಸಿ ನಮಸ್ಕರಿಸಿದಾಗ ನನಗೆ ಹೆದರಿಕೆಯೇ ಆಯಿತು. ಪಹಣಿಗೆಂದು ತುರುವೇಕೆರೆಯ ತಾಲ್ಲೂಕು ಕಚೇರಿಯಲ್ಲಿ ಸಾಲು ನಿಂತು ಬೆಳೆದವಳು ನಾನು; ಕಚೇರಿಯಲ್ಲಿ ಬಾಗುವ ಕೆಲಸ ನಮ್ಮದು ಎಂದುಕೊಂಡಿದ್ದೆ. ನಾನೂ ಬಾಗಿದೆ. ಅವರು ಮತ್ತೆ ಬಾಗಿದರು. ಕೊನೆಗೆ ಇಬ್ಬರೂ ಸುಸ್ತಾಗಿ ಕುಳಿತೆವು.

ಜಪಾನಿಗೆ ಬಂದು ಹತ್ತು ವರ್ಷವಾಯಿತು. ಮನೆ ಸಿಕ್ಕಿದೆ, ಭಾಷೆ ಅರ್ಧ ಸಿಕ್ಕಿದೆ, ಒಳ್ಳೆಯ ರಾಗಿಹಿಟ್ಟು ಇನ್ನೂ ಸಿಕ್ಕಿಲ್ಲ. ಕಾಯಂ ವಾಸದ ಪರವಾನಗಿಯೂ ಕೈಗೆ ಬಂತು. ಅದೇ ವರ್ಷ ಯುರೋಪಿನ ಸಂಸ್ಥೆಯೊಂದು ನನ್ನ ಸಂಶೋಧನೆಗೆ ಹಣ ಕೊಟ್ಟಿತು. ನನ್ನ ಸಂಶೋಧನೆ ಕೊಬ್ಬರಿಗೆ ಹಿಡಿಯುವ ಬೂಷ್ಟಿನ ಮೇಲೆ. ಅದಕ್ಕೆ ನಾನು ಬೆಳೆದ ಬಿಳಿಗೆರೆಯ ಸೋದರಮಾವನ ಮನೆಯ ಅಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ. ನಮ್ಮಲ್ಲಿ ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಟ್ಟು, ಒಳಗಿನ ಕೊಬ್ಬರಿ ಒಣಗಿ ಗುಡುಗುಡು ಎಂದಾಗ ಇಳಿಸುತ್ತಾರೆ. ಆ ಹಣದಲ್ಲೇ ಅಲ್ಲಿಗೆ ಹೋಗಿ ಇಪ್ಪತ್ನಾಲ್ಕು ದಿನ ಇದ್ದು ಬಂದೆ.

ತೆಂಗಿನ ದುಡ್ಡಿಗೆ ತೆರಿಗೆಯೇ ಇಲ್ಲ ಎಂದು ಮಾವ ಫೋನಿನಲ್ಲಿ ಧೈರ್ಯ ಹೇಳಿದ್ದರು. ನಮ್ಮ ಕಡೆಯವರ ಪಾಲಿಗೆ ಅದು ವೇದವಾಕ್ಯ. ನಾನು ಹಿಂದೆಮುಂದೆ ನೋಡದೆ ಇಲ್ಲಿನ ತೆರಿಗೆ ಅರ್ಜಿಯಲ್ಲಿ ಆ ಸಂಶೋಧನೆಯ ಹಣವನ್ನು ‘ಬೇಸಾಯದ ಆದಾಯ’ ಎಂದು ತುಂಬಿದೆ. ಆದ್ದರಿಂದಲೇ ಜೇಮುಶೊದಿಂದ, ಅಂದರೆ ಇಲ್ಲಿನ ತೆರಿಗೆ ಕಚೇರಿಯಿಂದ, ಕರೆ ಬಂದದ್ದು. ನಿಮ್ಮ ಹೆಸರಲ್ಲಿ ಎಷ್ಟು ತೆಂಗಿನಮರಗಳಿವೆ ಎಂದು ಆಕೆ ಬಹಳ ವಿನಯದಿಂದ ಕೇಳಿದರು. ಬಾಲ್ಕನಿಯಲ್ಲಿ ಒಂದು ಕುಂಡ ಕೊತ್ತಂಬರಿ ಇದೆ ಎಂದೆ. ಆಕೆ ಅದನ್ನೂ ಬರೆದುಕೊಂಡರು.

ಆಮೇಲೆ ತಿಳಿಸಿ ಹೇಳಿದರು. ಇಲ್ಲಿ ಕಾಯಂ ಆಗಿ ನೆಲೆಸಿದವರಿಗೆ ಜಗತ್ತಿನ ಯಾವ ಮೂಲೆಯಿಂದ ಹಣ ಬಂದರೂ ತೆರಿಗೆ ಉಂಟು. ಸಂಶೋಧನೆಗೆ ಖರ್ಚಾದದ್ದನ್ನು ಮಾತ್ರ ಕಳೆಯಬಹುದು. ಹಾಗಾದರೆ ನೀವು ಬಿಳಿಗೆರೆಗೆ ಹೋದದ್ದು ಕೆಲಸಕ್ಕೋ, ಮನೆಗೋ ಎಂದು ಕೇಳಿ, ಅದಕ್ಕೊಂದು ಪುರಾವೆ ತನ್ನಿ ಎಂದರು.

ಮನೆಗೆ ಎಂದರೆ ಟಿಕೆಟ್ಟಿನ ಖರ್ಚೂ ನನ್ನ ಆದಾಯವಾಗಿಬಿಡುತ್ತದೆ, ಅದಕ್ಕೂ ತೆರಿಗೆ ಬೀಳುತ್ತದೆ. ಮುಂದಿನ ಸಲ ಹೋಗಲು ಏನೂ ಉಳಿಯುವುದಿಲ್ಲ. ಅಲ್ಲಿದ್ದ ಇಪ್ಪತ್ನಾಲ್ಕು ದಿನವೂ ಕೆಲಸಕ್ಕೇ ಬಂದಿದ್ದಳು ಎಂದು ಒಂದು ಪತ್ರ ಬರೆದುಕೊಡಿ ಎಂದು ಮಾವನನ್ನು ಕೇಳಿಕೊಂಡೆ.

“ಮನೆಗ್ ಬಂದೋಳ್ನ ಕೂಲಿಗ್ ಬಂದೋಳು ಅಂತ ಬರ್ಕೊಡಕ್ಕೆ ನನ್ ಕೈಲಿ ಆಗಲ್ಲ ಕಣವ್ವ.”

“ಮಾವ, ತೆರಿಗೆ ಜಾಸ್ತಿ ಬಿದ್ರೆ ಅಟ್ಟದ ಕಾಯಿ ಇಳಿಸೋ ಹೊತ್ಗೆ ನಾನು ಬರಕ್ಕಾಗಲ್ಲ.”

“ನಿಜ ಏನೈತೋ ಅದನ್ನ ಬರೀತೀನಿ ಬುಡು,” ಎಂದು ಮಾವ ಫೋನಿಟ್ಟರು.

ಪತ್ರ ಬಂತು. “ಅಕ್ಕನ ಮಗಳು ಇಪ್ಪತ್ತು ದಿನ ಅಟ್ಟದ ಮೇಲೆ ಬೂಷ್ಟು ನೋಡಿದ್ದಾಳೆ. ನಾಲ್ಕು ದಿನ ಏನೂ ಮಾಡಿಲ್ಲ, ಉಂಡು ಮಲಗಿದ್ದಾಳೆ. ಆ ನಾಲ್ಕು ದಿನ ಅವಳು ನಮ್ಮ ಮನೆಮಗಳು.” ಕೆಳಗೆ ಸಹಿ, ಅದರ ಪಕ್ಕದಲ್ಲಿ ಭದ್ರತೆಗೆಂದು ಹೆಬ್ಬೆಟ್ಟು.

ಪತ್ರದ ಜಪಾನಿ ಅನುವಾದವನ್ನು ಅಧಿಕಾರಿಣಿ ಎರಡು ಸಲ ಓದಿದರು. ಇಪ್ಪತ್ತು ದಿನದ ಖರ್ಚನ್ನು ಒಪ್ಪಿ, ಉಳಿದ ನಾಲ್ಕು ದಿನಕ್ಕೆ ತೆರಿಗೆ ಹಾಕಿ, ಅದಕ್ಕಾಗಿ ಕ್ಷಮೆಯನ್ನೂ ಕೇಳಿದರು. ನಾನು ಅಲ್ಲೇ ಕಟ್ಟಿದೆ. ಮುಂದಿನ ಟಿಕೆಟ್ಟಿಗೆ ಸಾಕಾಗುವಷ್ಟು ಉಳಿಯಿತು.

ಮಾವನ ಮನೆಯಲ್ಲಿ ಉಂಡು ಮಲಗಿದ್ದಕ್ಕೆ ಜಪಾನಿಗೆ ತೆರಿಗೆ ಕಟ್ಟಿದವಳು ಬಿಳಿಗೆರೆಯಲ್ಲಿ ನಾನೊಬ್ಬಳೇ ಇರಬೇಕು. ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಇಲ್ಲಿಯವಳು ಎನ್ನಲು ನನ್ನ ಹತ್ತಿರ ಪರವಾನಗಿ ಇದೆ. ಆ ಮನೆಯವಳು ಎನ್ನಲು ಇರುವ ಸರ್ಕಾರಿ ದಾಖಲೆ ಇದೊಂದೇ.