ಫಕ್ರುದ್ದೀನರು ಕರಗಿಸದ ನಾಣ್ಯಗಳು

ಹುಣಸೂರಿನ ಹಳೇ ಬಜಾರಿನಲ್ಲಿ ಫಕ್ರುದ್ದೀನರು ನಲವತ್ತು ವರ್ಷದಿಂದ ಹಿತ್ತಾಳೆ ಕರಗಿಸಿ ದನದ ಗಂಟೆ ಎರೆಯುತ್ತಿದ್ದಾರೆ. ಒಡೆದ ನಲ್ಲಿ, ತೂತು ಬಿದ್ದ ಬಿಂದಿಗೆ, ಕೀಲಿಕೈ ಕಳೆದ ಬೀಗ, ಏನು ಕೊಟ್ಟರೂ ಅವರ ಕುಲುಮೆಯಲ್ಲಿ ನೀರಾಗುತ್ತಿತ್ತು. "ಇದು ಆಗಲ್ಲ" ಎಂದು ಅವರು ಮೊದಲ ಸಲ ಹೇಳಿದ್ದು ವೀರನಹೊಸಹಳ್ಳಿಯ ಸುನಂದಮ್ಮನಿಗೆ.

ಕಳೆದ ವರ್ಷ ಯುಗಾದಿ ಮುಗಿದ ವಾರ ಸುನಂದಮ್ಮ ಬಂದು ಉಪ್ಪಿನಕಾಯಿ ಡಬ್ಬವೊಂದನ್ನು ಅವರ ಮುಂದೆ ಮಗುಚಿದರು. ಅಷ್ಟೂ ಹತ್ತು ರೂಪಾಯಿ ನಾಣ್ಯ.

"ಎಮ್ಮೆ ಕಾಡಂಚಿಗೆ ಮೇಯಕೋಯ್ತದೆ, ಎಲ್ಲೈತೆ ಅಂತ ಗೊತ್ತಾಗಕಿಲ್ಲ. ಇದ್ನ ಕರಗ್ಸಿ ಒಂದು ಗಂಟೆ ಮಾಡ್ಕೊಡಿ ಸಾಬ್ರೆ."

"ಇದು ಆಗಲ್ಲ. ಇದು ದುಡ್ಡು ಕಣಮ್ಮ."

"ದುಡ್ಡಾಗಿದ್ರೆ ಅಂಗಡಿಯೋರು ಈಸ್ಕೋಬೇಕಿತ್ತಲ್ಲ. ನಮ್ಮೂರಲ್ಲೂ ಈಸ್ಕಳಲ್ಲ, ಹನಗೋಡಲ್ಲೂ ಈಸ್ಕಳಲ್ಲ. ಬಸ್ಸಲ್ಲಿ ಕೊಡುವ ಅಂದ್ರೆ ಹೆಂಗಸ್ರಿಗೆ ಟಿಕೆಟ್ಟೇ ಫ್ರೀ."

ಹಿಂದಿನ ದಿನವಷ್ಟೇ ಫಕ್ರುದ್ದೀನರೂ ಒಬ್ಬ ಗಿರಾಕಿಗೆ ನಾಣ್ಯ ಬೇಡ, ನೋಟು ಕೊಡಿ ಎಂದಿದ್ದರು. ಆದರೂ ಅಳುಕಾಗಿ, ಮೈಸೂರಿನಲ್ಲಿ ಕಾನೂನು ಓದುತ್ತಿದ್ದ ಮಗಳು ಆಯೇಷಾಗೆ ಫೋನು ಮಾಡಿ, ಸುನಂದಮ್ಮನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

"ಅಬ್ಬಾ, ನಾಣ್ಯ ಕರಗಿಸಿದ್ರೆ ಏಳು ವರ್ಷದವರೆಗೂ ಜೈಲಾಗಬಹುದು. ಕುಲುಮೆ ಹಚ್ಚಿದ್ದೀರಾ?"

"ಇಲ್ಲ, ಇಲ್ಲ," ಎನ್ನುತ್ತಾ ಅವರು ಉರಿಯುತ್ತಿದ್ದ ಕುಲುಮೆಗೆ ಬೆನ್ನು ತಿರುಗಿಸಿದರು.

"ಹತ್ತರ ನಾಣ್ಯ ನಡೆಯುತ್ತೆ ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ತಗೊಳ್ಳಲ್ಲ ಅನ್ನೋರದ್ದೇ ತಪ್ಪು."

ಸುನಂದಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡು, ರಾಶಿಯನ್ನು ಅವರ ಮಡಿಲಿನತ್ತ ತಳ್ಳಿದರು. "ಅಂಗಾರೆ ಕರಗಿಸಬ್ಯಾಡಿ ಬುಡಿ. ನಿಮ್ ಹಿತ್ತಾಳೇಲೇ ಗಂಟೆ ಮಾಡಿ, ಕೂಲಿಗೆ ಇದ್ನೇ ಮಡಿಕ್ಕಳಿ. ನಿಮ್ ಮಗಳೇ ನಡೀತದೆ ಅಂದ್ಲಲ್ಲ."

ಫೋನಿನಲ್ಲಿ ಆಯೇಷಾ ನಗುವುದು ಕೇಳಿಸಿತು. ಫಕ್ರುದ್ದೀನರು ಒಪ್ಪಿಕೊಂಡರು.

ಎರಡು ದಿನದಲ್ಲಿ ಗಂಟೆ ಹೋಯಿತು, ನಾಣ್ಯ ಉಳಿಯಿತು. ಟೀ ಅಂಗಡಿಯವನು ಬೇಡವೆಂದ. ಹೆಂಡತಿ ಮುನ್ನೀಬಿ ಸಂತೆಗೆ ಒಯ್ದು, ತರಕಾರಿಯೂ ಇಲ್ಲದೆ ವಾಪಸ್ಸು ತಂದು, ಮೂರು ದಿನ ಅವರಿಗೆ ಬರೀ ತಿಳಿಸಾರು ಬಡಿಸಿದಳು.

ಮಂಗಳವಾರ ಗುಜರಿ ಹಿತ್ತಾಳೆ ತರಲು ಮೈಸೂರಿನ ಬಸ್ಸು ಹತ್ತಿದಾಗ, ಬೈಗುಳಕ್ಕೆ ಸಿದ್ಧರಾಗಿಯೇ ಕಂಡಕ್ಟರ್ ಶಂಕರನ ಕೈಗೆ ನಾಣ್ಯ ಹಾಕಿದರು. ಚಿಲ್ಲರೆಗಾಗಿ ಬೆಳಗಿನಿಂದ ಜಗಳವಾಡಿದ್ದ ಶಂಕರ ಅವರ ಪಕ್ಕದಲ್ಲೇ ಕುಳಿತುಬಿಟ್ಟ.

"ಇನ್ನೂ ಅವ್ಯಾ ಸಾಬ್ರೆ? ಇರೋದೆಲ್ಲ ಕೊಡಿ, ನೋಟು ಕೊಡ್ತೀನಿ."

ಊರಿಗೆ ಬಂದವರೇ ಫಕ್ರುದ್ದೀನರು ಅಂಗಡಿಗೆ ಬೋರ್ಡು ಬರೆಸಿದರು: ಇಲ್ಲಿ ಹತ್ತರ ನಾಣ್ಯ ತೆಗೆದುಕೊಳ್ಳಲಾಗುವುದು. ಎಚ್.ಡಿ. ಕೋಟೆಯಿಂದಲೂ ಜನ ಡಬ್ಬ ಹಿಡಿದು ಬಂದರು. ದನವೇ ಇಲ್ಲದ ಕಂಪಲಾಪುರದ ಲಿಂಗಯ್ಯ ಎರಡು ಗಂಟೆ ಕೊಂಡು ಮನೆ ಗೇಟಿಗೆ ಕಟ್ಟಿದ. ಈಗ ಮಂಗಳವಾರ ಬೆಳಿಗ್ಗೆ ಫಕ್ರುದ್ದೀನರು ಭಾರದ ಚೀಲ ಹೊತ್ತು ಬರುವವರೆಗೆ ಶಂಕರ ಬಸ್ಸು ಬಿಡುವುದಿಲ್ಲ.