ಬಡಿಸುವವಳ ತಾಟು

ನಮ್ಮ ಮನೆಯಲ್ಲಿ ಬಡಿಸುವವರು ಕೊನೆಗೆ ಉಣ್ಣುವುದು ರೂಢಿ. ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು, ಕೋಥರೂಡದ ಫ್ಲ್ಯಾಟಿನಲ್ಲಿ ಡೈನಿಂಗ್ ಟೇಬಲ್ ಹಾಕಿದ ಮೇಲೂ ಅದು ತಪ್ಪಲಿಲ್ಲ. ಕಳೆದ ವರ್ಷ, ಹನ್ನೆರಡನೆಯ ತರಗತಿಗೆ ಬಂದ ಮಗಳು ಒಂದು ದಿನ ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಅವ್ವಾ, ನೀ ಕೂಡು. ನಾ ಬಡಸ್ತೀನಿ." ಅಂದಿನಿಂದ ಅದು ಅವಳ ಕೆಲಸವೇ ಆಯಿತು. ನನಗೆ ಹಿಗ್ಗೋ ಹಿಗ್ಗು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನನ್ನದಂತೂ ಅಪ್ಪಟ ಬಂಗಾರ ಎಂದುಕೊಂಡೆ.

ಚಿಕ್ಕಂದಿನಿಂದಲೂ ಅವಳದು ಎಲ್ಲವೂ ಅಚ್ಚುಕಟ್ಟು. ಒಂದಕ್ಷರ ಸೊಟ್ಟಗಾದರೆ ಇಡೀ ಪುಟ ಹರಿದು ಮತ್ತೆ ಬರೆಯುವಳು. ಅವರಪ್ಪ ಅಂಗಡಿಯಿಂದ ಮುಖ ಗಂಟಿಕ್ಕಿಕೊಂಡು ಬಂದರೆ, ತನ್ನಿಂದ ಏನು ತಪ್ಪಾಯಿತು ಎಂದು ನನ್ನನ್ನು ಕೇಳುವಳು. ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ. ಎದುರುಮನೆಯ ಮರಾಠಿ ಅಜ್ಜಿ "ಕಿತೀ ಗುಣಾಚೀ ಮುಲ್ಗೀ" ಎಂದು ಕೊಂಡಾಡುವರು. ಎಂಥ ಗುಣವಂತೆ ಮಗಳು! ಆ ಹೊಗಳಿಕೆಯನ್ನು ನಾನು ಫೋನಿನಲ್ಲಿ ತವರಿಗೆಲ್ಲ ಹಂಚುತ್ತಿದ್ದೆ.

ಅವಳು ಸೊರಗುತ್ತಿದ್ದುದು ಕಣ್ಣಿಗೆ ಬಿದ್ದಿತ್ತು. ಓದಿನ ಒತ್ತಡ ಎಂದರು ಎಲ್ಲರೂ. "ಉಂಡ್ಯೇನವಾ?" ಎಂದರೆ "ಹೂಂ, ಆತು" ಎನ್ನುವಳು. ಸಿಂಕಿನಲ್ಲಿ ಎಂಜಲು ತಾಟು ಇರುತ್ತಿತ್ತು. ಮತ್ತೇನು ಸಾಕ್ಷಿ ಬೇಕು?

ಒಂದು ಭಾನುವಾರ ಮಧ್ಯಾಹ್ನ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ನನ್ನದೂ ಅವರಪ್ಪನದೂ ಊಟವಾಯಿತು. ಕೈ ತೊಳೆದು ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ನನ್ನತ್ತ ಬೆನ್ನು ಮಾಡಿದ್ದ ಮಗಳು ಚೊಕ್ಕ ತಾಟೊಂದನ್ನು ತೆಗೆದುಕೊಂಡಳು, ಬೆರಳಿನಿಂದ ಅದಕ್ಕೆ ಎಣ್ಣೆಗಾಯಿಯ ರಸ ಸವರಿದಳು, ಹಾಗೇ ಸಿಂಕಿನಲ್ಲಿಟ್ಟಳು. ಆಮೇಲೆ ಆ ಬೆರಳನ್ನು ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು.

ಮನೆಯೊಳಗೆ ಗುರುತಿಲ್ಲದವರು ಯಾರೋ ಹೊಕ್ಕಂತೆ ಹೆದರಿದೆ. ಇದು ಯಾವಾಗಿನಿಂದ? ಅವಳು ಉಂಡದ್ದನ್ನು ಕಣ್ಣಾರೆ ಕಂಡದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಈ ಕೂಸು ನನ್ನ ಕಣ್ಣೆದುರೇ ಸತ್ತುಹೋಗುತ್ತದೆ ಅನ್ನಿಸಿತು.

ಹೆದರಿದರೆ ನನಗೆ ಬರುವುದು ಸಿಟ್ಟೇ. ರಟ್ಟೆ ಹಿಡಿದು ಎಳೆದು ತಂದು ಕುರ್ಚಿಯ ಮೇಲೆ ಕೂಡಿಸಿದೆ. ಕೈಗೆ ಬರೀ ಎಲುಬು ಸಿಕ್ಕಿತು. ತಾಟಿಗೆ ಒಂದು ಜೋಳದ ರೊಟ್ಟಿ, ಪಲ್ಯ ಹಾಕಿದೆ.

"ಇಷ್ಟು ಹಠಾ ಛಲೋ ಅಲ್ಲ. ನನ್ನ ಮುಂದನ ಉಣ್ಣು, ನಾನೂ ನೋಡೇಬಿಡ್ತೀನಿ."

ಅವಳು ಎದುರಾಡಲಿಲ್ಲ. ಎಂದೂ ಎದುರಾಡಿದವಳಲ್ಲ. ರೊಟ್ಟಿ ಮುರಿದು ಚೂರನ್ನು ಬಾಯಿಯ ತನಕ ಒಯ್ದಳು. ತುತ್ತು ಬೆರಳಿನಿಂದ ಜಾರಿ ತಾಟಿಗೆ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ಹಣೆಯ ಮೇಲೆ ಬೆವರು.

"ಬೈಬ್ಯಾಡವ್ವಾ," ಅಂದಳು. "ಹಠಾ ಅಲ್ಲ. ನನಗ ಇದನ್ನ ನೋಡಿದ್ರ ಹೆದ್ರಿಕಿ ಬರ್ತದ."

ನಾನು ಬಡಿದ ರೊಟ್ಟಿಗೆ ನನ್ನ ಮಗಳು ಹೆದರುತ್ತಿದ್ದಳು. ಹಠವಾಗಿದ್ದರೆ ಬೈದೋ ರಮಿಸಿಯೋ ಮುರಿಯುತ್ತಿದ್ದೆ. ಇದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಗದ್ದಲ ಕೇಳಿ ಬಂದ ಅವರಪ್ಪ, "ಬಿಡು ಆಕಿನ್ನ. ನಾಳೆ ಡಾಕ್ಟರ್ ಕಡೆ ಹೋಗೂಣು" ಅಂದರು. ನಾನು ಅವಳ ಪಕ್ಕದಲ್ಲೇ ಕುಸಿದು ಕೂತು ಅಳತೊಡಗಿದೆ.

ತಕ್ಷಣ ಮಗಳು ಕಣ್ಣೊರೆಸಿಕೊಂಡು ಎದ್ದಳು. "ನಂದು ತಪ್ಪಾತವ್ವಾ. ನೀರು ತರ್ಲಿ?" ಎಂದು ಕೇಳುತ್ತ, ಗೋಡೆ ಹಿಡಿದುಕೊಂಡು ನೀರು ತರಲು ಹೋದಳು. ಅವಳ ಆ ಒಳ್ಳೆಯತನಕ್ಕೆ ನಾನು ಮೊದಲ ಸಲ ಹೆದರಿದೆ.