ಗೋಡೆಯಿಂದ ಇಳಿಸಿದ ಫೋಟೋ

ಕಳೆದ ವಾರ ಕಪಾಟಿನ ತಳದಲ್ಲಿ ನನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಸಿಕ್ಕಿತು. ಚೀಲಕ್ಕೆ ಬೂಷ್ಟು ಹಿಡಿದಿತ್ತು. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಶಹಾಬಾದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು... ನೆನಪಾದಳು ಎಂದು ಬರೆಯುವುದೂ ಸುಳ್ಳೇ. ಅವಳನ್ನು ನಾನು ಮರೆತದ್ದಾದರೂ ಯಾವಾಗ?

ಒಡಹುಟ್ಟಿದವಳಲ್ಲ, ಆದರೂ ಅಕ್ಕ. ಗಂಡ ರಾವೂರಿನ ಕಲ್ಲಿನ ಗಣಿಯಲ್ಲಿ ಸತ್ತಾಗ ಮಗಳು ಇನ್ನೂ ಹೊಟ್ಟೆಯಲ್ಲಿದ್ದಳಂತೆ. ಅವನದೆಂದು ಉಳಿದದ್ದು ಒಂದೇ ಫೋಟೋ, ವಾಡಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಆ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕುರಕುಂಟಾಕ್ಕೆ ಮದುವೆಯಾಗಿ ಹೋದ ಮಗಳು, ಅಪ್ಪನ ಫೋಟೋ ತನ್ನ ಮನೆಯಲ್ಲೂ ಒಂದು ಇರಬೇಕೆಂದು ಕೇಳುತ್ತಲೇ ಇದ್ದಳು. ನಾನು ಆಗಷ್ಟೇ ಕ್ಯಾಮೆರಾ ಕೊಂಡು ಓಣಿಗೆಲ್ಲ ತೋರಿಸುತ್ತ ತಿರುಗುತ್ತಿದ್ದೆ. ನಾನೇ ತೆಗೆದುಕೊಡುತ್ತೇನೆ ಎಂದೆ.

ಅಕ್ಕ ಒಂದೇ ಮಾತು ಹೇಳಿದಳು. "ತಮ್ಮಾ, ಗೋಡಿಮ್ಯಾಲಿಂದ ಮಾತ್ರ ಇಳಸಬ್ಯಾಡಪ್ಪ. ಅವರನ್ನ ಒಮ್ಮಿ ಎತ್ತಿ ಒಯ್ದಾರ. ಮತ್ತ ಎತ್ತಾದು ಬ್ಯಾಡ."

ಹಾಸುಗಲ್ಲಿನ ಮಾಳಿಗೆಯ ಒಳಕೋಣೆ, ಒಂದೇ ಸಣ್ಣ ಕಿಟಕಿ. ಗುಂಡಿ ಒತ್ತಿದೆ. ಫ್ಲಾಶ್ ತಾನಾಗಿಯೇ ಹೊಡೆಯಿತು. ನೋಡಿದರೆ ರುಮಾಲು ಇದೆ, ಹೆಗಲು ಇದೆ, ಮುಖದ ಜಾಗದಲ್ಲಿ ಬರೀ ಬಿಳಿ ಉರಿ. ಹಿಂದೆ ಸರಿದೆ, ಮುಂದೆ ಬಂದೆ. ಚೌಕಟ್ಟಿನ ಗಾಜು ಬೆಳಕನ್ನು ನನ್ನ ಮೇಲೆಯೇ ಎಸೆಯಿತು. ಫ್ಲಾಶಿಗೆ ಬೆರಳು ಅಡ್ಡ ಹಿಡಿದೆ, ಫೋಟೋ ಮಬ್ಬುಗೆಂಪಾಯಿತು. ಹೇಗೋ ಫ್ಲಾಶ್ ಬಂದ್ ಮಾಡಿದರೆ ಕತ್ತಲಲ್ಲಿ ಕೈ ಅಲುಗಿ ಎಲ್ಲ ಕಲಸಿಹೋಯಿತು. ಕ್ಯಾಮೆರಾ ಆರಿಸಿ ಮತ್ತೆ ಶುರು ಮಾಡಿದರೆ ಆ ಹಾಳು ಫ್ಲಾಶ್ ಮತ್ತೆ ಎದ್ದು ಕೂತಿರುತ್ತಿತ್ತು! ಸ್ವಲ್ಪ ಓರೆಯಾಗಿ ನಿಂತಿದ್ದರೆ ಸಾಕಿತ್ತು ಎಂದು ಆಮೇಲೆ ಯಾರೋ ಹೇಳಿದರು. ಆಮೇಲೆ...

ಅಕ್ಕ ಬಾಗಿಲಲ್ಲಿ ನಿಂತು ನಕ್ಕಳು. "ಏನೋ ತಮ್ಮಾ, ಆಗಿಂದ ಮಿಂಚ ಹೊಡೀಲಿಕತ್ತದ, ಮಳಿ ಯಾವಾಗ ಬರ್ತದ?"

"ನೀ ಸುಮ್ನ ಚಾ ಮಾಡ್ಹೋಗಕ್ಕ," ಎಂದು ಗದರಿದೆ.

ಅವಳು ಒಲೆಯ ಕಡೆ ಹೋದಳು. ನಾನು ಫೋಟೋ ಇಳಿಸಿದೆ. ಗಾಜು ತೆಗೆದರೆ ಉರಿ ಇರುವುದಿಲ್ಲ ಎಂಬ ಲೆಕ್ಕ ನನ್ನದು. ಹಿಂದಿನ ಮೊಳೆ ಕಿತ್ತು ಫೋಟೋ ಎಳೆದೆ. ಎಷ್ಟೋ ಮಳೆಗಾಲದ ತೇವಕ್ಕೆ ಅದು ಗಾಜಿಗೇ ಅಂಟಿಕೊಂಡಿತ್ತು. ನಿಲ್ಲಬೇಕಿತ್ತು, ಸಿಟ್ಟಿನಲ್ಲಿ ಇನ್ನಷ್ಟು ಎಳೆದೆ. ಚರ್ರನೆ ಸುಲಿದು ಬಂತು. ಕೈಯಲ್ಲಿ ಉಳಿದದ್ದು ರುಮಾಲು, ಹೆಗಲು. ಕಣ್ಣು, ಮೀಸೆ ಗಾಜಿನ ಮೇಲೆ ಚೂರುಚೂರಾಗಿದ್ದವು. ಉಗುರಿನಿಂದ ಎಬ್ಬಿಸಹೋದರೆ ಪುಡಿಯಾದವು.

ಅಕ್ಕ ಚಹಾ ತಂದವಳು ಹಾಗೇ ನಿಂತಳು. "ಇಳಸಬ್ಯಾಡ ಅಂದಿದ್ನಲ್ಲೋ ತಮ್ಮಾ..." ಅಷ್ಟೇ ಅಂದಳು.

ಆದರೆ ನನ್ನ ತಪ್ಪು ಅದಲ್ಲ. ಹಬ್ಬಕ್ಕೆ ಮಗಳು ಬಂದಾಗ ನಾನು ಅಲ್ಲೇ ಕೂತಿದ್ದೆ. ಖಾಲಿ ಗೋಡೆ ನೋಡಿ ಅವಳು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು, "ಗೆದ್ದಲ ತಿಂತವ್ವ."

"ಅಪ್ಪನ ಮಾರಿ ನಾ ಅದರಾಗ ಬಿಟ್ಟು ಮತ್ತೆಲ್ಲಿ ನೋಡೀನಿ? ಇದ್ದದ್ದೊಂದು ಫೋಟೋ! ಅದನರ ಕಾಯಲಿಕ್ಕ ಆಗಲಿಲ್ಲೇನು ನಿನಗ?"

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ನಾನು ಬಸಿಯಲ್ಲಿದ್ದ ಚಹಾ ಕುಡಿದೆ. ಆಮೇಲೂ ಮಗಳು ಬಂದಾಗಲೆಲ್ಲ ಆ ಮಾತು ಎತ್ತುತ್ತಿದ್ದಳು, ಅಕ್ಕ ತಲೆ ಬಗ್ಗಿಸಿ ಕೇಳುತ್ತಿದ್ದಳು. ಗೋಡೆಯಾಚೆ ಕೂತು ನಾನೂ ಕೇಳುತ್ತಿದ್ದೆ. ಸಾಯುವವರೆಗೂ ಅಕ್ಕ ನನ್ನ ಹೆಸರು ಹೇಳಲಿಲ್ಲ.

ಮೊನ್ನೆ ಬಸ್ಸು ಹತ್ತಿ ಕುರಕುಂಟಾಕ್ಕೆ ಹೋದೆ. ಮಗಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವಳ ತಲೆಯೂ ನೆರೆತಿದೆ. "ಬರ್ರಿ ಕಾಕಾ, ಕುಂದ್ರಿ" ಎಂದಳು. ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಫೋಟೋ ಹೋಗ್ಲಿ ಕಾಕಾ. ನಮ್ಮವ್ವಗ ಸಾಯೂತನಕ ಬೈದೀನಲ್ರಿ ನಾ... ಈಗ ಯಾರ ಕಾಲ ಹಿಡೀಲಿ?"

"ನನಗ ಬೈಯವ್ವ," ಎಂದೆ.

ಅವಳು ಮೊರ ಬದಿಗಿಟ್ಟು ಒಳಗೆ ಹೋದಳು. ಬಹಳ ಹೊತ್ತು ಕಾದೆ. ಹೊರಗೆ ಬರಲಿಲ್ಲ. ಕಡೆಗೆ ನಾನೇ ಎದ್ದು ಬಂದೆ. ಅಕ್ಕ ಇಲ್ಲ, ಅವಳು ಕಾಯ್ದಿಟ್ಟ ಮುಖವೂ ಇಲ್ಲ. ಮಗಳು ಒಂದು ಮಾತು ಬೈದಿದ್ದರೂ ಆಗುತ್ತಿತ್ತು.